ಡೆಸ್ ಪಾರ್ಫಿಟ್ ಕಣ್ಣು ಮುಚ್ಚಿ ನೋಡಿದ ಕಾಲು ಗಂಟೆ

ಶನಿವಾರ ಮಧ್ಯಾಹ್ನ ನಾರ್ಲೇನ್ ಬಡಾವಣೆಯ ಮೈದಾನಕ್ಕೆ ಹೋಗಲಾಗದವರೆಲ್ಲ ಡೆಸ್ ಪಾರ್ಫಿಟ್‌ನ ಬಾಯಲ್ಲಿ ಆಟ ನೋಡುತ್ತಾರೆ. ವಾರದ ದಿನಗಳಲ್ಲಿ ಆ ಮೈದಾನದ ಹುಲ್ಲು ಕತ್ತರಿಸಿ ಬಿಳಿ ಗೆರೆ ಎಳೆಯುವವನೂ ಅವನೇ. ಶನಿವಾರ ಮಾತ್ರ ತಗಡಿನ ಮಾಡಿನ ಕೆಳಗೆ ಕೂತು, ತೊಡೆಯ ಮೇಲೆ ಮಾಂಸದ ಪೈ ಇಟ್ಟುಕೊಂಡು, ನಮ್ಮ ಜೀಲಾಂಗ್ ಊರಿನ ಪುಟ್ಟ ರೇಡಿಯೋ ಕೇಂದ್ರಕ್ಕೆ ವೀಕ್ಷಕ ವಿವರಣೆ ಕೊಡುತ್ತಾನೆ. ಆಟಗಾರನ ಕಾಲುಚೀಲ ಜಾರಿದ್ದರಿಂದ ಹಿಡಿದು ಗೋಲ್ ಕಂಬದ ಮೇಲಿನ ಕಡಲಹಕ್ಕಿ ಯಾವ ಕಡೆ ಮುಖ ಮಾಡಿದೆ ಎಂಬುದರವರೆಗೆ ಒಂದನ್ನೂ ಬಿಡುವುದಿಲ್ಲ. ನನಗೆ ಫುಟ್‌ಬಾಲ್ ಅಂದರೆ ಅಷ್ಟಕ್ಕಷ್ಟೆ. ಆದರೂ ಇಸ್ತ್ರಿ ಮಾಡುವಾಗ ಅವನನ್ನು ಹಾಕಿಕೊಳ್ಳುತ್ತೇನೆ, ಬಟ್ಟೆ ಮುಗಿದದ್ದೇ ಗೊತ್ತಾಗುವುದಿಲ್ಲ.

ಇಂಥ ಡೆಸ್‌ಗೆ ಕಣ್ಣು ಮುಚ್ಚಿದರೆ ಏನೂ ಕಾಣುವುದಿಲ್ಲ. ಯಾರಿಗೆ ತಾನೇ ಕಾಣುತ್ತದೆ ಎನ್ನಬೇಡಿ. ಒಂದು ಗಳಿಗೆ ಕಣ್ಣು ಮುಚ್ಚಿ ನಿಮ್ಮ ತಾಯಿಯ ಮುಖ ನೆನೆಸಿಕೊಳ್ಳಿ. ಮಸುಕಾಗಿಯಾದರೂ ಏನೋ ಒಂದು ಬಂತಲ್ಲ? ಡೆಸ್‌ಗೆ ಅದು ಬರುವುದಿಲ್ಲ. ಅವನ ತಾಯಿ ಕುಳ್ಳಗಿದ್ದಳು, ಕೆಂಪು ಕೂದಲು, ಗಲ್ಲದಲ್ಲೊಂದು ಮಚ್ಚೆ ಎಂದು ಅವನಿಗೆ ಗೊತ್ತು. ಗೊತ್ತಿರುವುದು ಅಷ್ಟೇ, ಚಿತ್ರವಿಲ್ಲ. ಲೋಕದಲ್ಲಿ ಎಲ್ಲರೂ ಹೀಗೇ ಎಂದು ಐವತ್ತು ದಾಟುವವರೆಗೂ ನಂಬಿದ್ದ. ಶಾಲೆಯಲ್ಲಿ ಟೀಚರು "ಕಣ್ಣು ಮುಚ್ಚಿ ಸಮುದ್ರದ ದಂಡೆ ನೋಡಿ ಮಕ್ಕಳೇ" ಎಂದಾಗ ಇವನೂ ಎಲ್ಲರ ಜೊತೆ "ನೋಡಿದೆ ಮಿಸ್" ಎಂದು ರಾಗ ಎಳೆದಿದ್ದ. ಅದೊಂದು ಮಾತಿನ ಆಟ ಅಂದುಕೊಂಡಿದ್ದನಂತೆ.

ನಿಜ ಗೊತ್ತಾದದ್ದು ಒಬ್ಬ ಮುದುಕಿಯಿಂದ. ಹಾಸಿಗೆ ಹಿಡಿದಿದ್ದ ಆಕೆ ರೇಡಿಯೋಗೆ ಫೋನ್ ಮಾಡಿ, ನೀನು ಮಾತಾಡ್ತಿದ್ರೆ ನಾನು ಕಣ್ಣು ಮುಚ್ಕೊಂಡು ಇಡೀ ಮ್ಯಾಚ್ ನೋಡ್ತೀನಿ ಕಣಪ್ಪ, ಅಂದಳು. ಡೆಸ್ ದೊಡ್ಡ ಮಾತು ಅಂದ. ದೊಡ್ಡ ಮಾತಲ್ಲ, ನಿಜವಾಗ್ಲೂ ಕಾಣುತ್ತೆ, ಹುಲ್ಲಿನ ಬಣ್ಣ ಸಮೇತ, ಅಂದಳು ಆಕೆ. ಅವನು ಪಕ್ಕದಲ್ಲಿ ಕೂತಿದ್ದ ಜೊತೆಗಾರನನ್ನು ಕೇಳಿದ. ಅವನಿಗೂ ಕಾಣುತ್ತದಂತೆ. ಪೈ ಮಾರುವವಳನ್ನು ಕೇಳಿದ. ಅವಳಿಗೂ ಕಾಣುತ್ತದಂತೆ. ಆ ದಿನ ನಾಲ್ಕು ಭಾಗದ ಆಟದ ಮೂರನೆಯ ಭಾಗವನ್ನು ಡೆಸ್ ಹೇಗೆ ವಿವರಿಸಿದ ಎಂದು ಅವನಿಗೇ ನೆನಪಿಲ್ಲ.

ಅವನು ಕೇಳದೆ ಬಿಟ್ಟ ಒಬ್ಬಳೆಂದರೆ ಹೆಂಡತಿ ರೊಂಡಾ. ರೊಂಡಾ ನಮ್ಮೂರಿನಿಂದ ಟಾಸ್ಮೇನಿಯಾಗೆ ಹೋಗುವ ಹಡಗಿನಲ್ಲಿ ಅಡುಗೆಯವಳು. ವಾರದಲ್ಲಿ ಅರ್ಧ ನೀರಿನ ಮೇಲೆ, ಅರ್ಧ ಮನೆಯಲ್ಲಿ. ಹಡಗು ಬಂದರು ಬಿಡುವ ಮೊದಲು ಫೋನ್ ಮಾಡುತ್ತಾಳೆ. ಆಗ ಇವನು ಪ್ರತಿ ಸಲವೂ, "ಇಗೋ, ಕಣ್ಣು ಮುಚ್ಚಿದೆ, ನೀನೇ ಎದುರಿಗೆ ನಿಂತಿದ್ದೀಯ" ಎನ್ನುವುದು ವಾಡಿಕೆ. ಮದುವೆಯಾದಾಗಿನಿಂದ ಹೇಳಿಕೊಂಡು ಬಂದ ಮಾತು. ಗಂಡಂದಿರು ಹಾಗೆ ಹೇಳಬೇಕು ಅಂದುಕೊಂಡಿದ್ದ. ಈಗ ಅದು ಉಳಿದ ಗಂಡಂದಿರ ಬಾಯಲ್ಲಿ ನಿಜ, ತನ್ನ ಬಾಯಲ್ಲಿ ಮಾತ್ರ ಸುಳ್ಳು ಎಂದು ಅವನಿಗೆ ತಿಳಿಯಿತು.

ನಮ್ಮ ಕಡಲ ದಂಡೆಯಲ್ಲಿ ಹಳೆಯ ಉಣ್ಣೆ ಗೋದಾಮೊಂದನ್ನು ವಿಶ್ವವಿದ್ಯಾಲಯ ಮಾಡಿದ್ದಾರೆ. ಅದರ ಎರಡನೇ ಮಹಡಿಯಲ್ಲಿ ನಾನು ನರ್ಸ್. ಹೆಸರು ಲೊರೇನ್. ಅಲ್ಲಿ ನಡೆಯುವುದು ಮಿದುಳಿನ ಪ್ರಯೋಗ. ಜಾಲಿಯ ಜಾತಿಯ ನಮ್ಮ ಕೆಲವು ವಾಟಲ್ ಮರಗಳ ತೊಗಟೆಯಲ್ಲೂ ಇರುವ ಒಂದು ವಸ್ತುವನ್ನು ಶುದ್ಧ ಮಾಡಿ, ಅಳತೆ ನೋಡಿ, ಆರೋಗ್ಯವಂತರ ರಕ್ತನಾಳಕ್ಕೆ ಕೊಡುತ್ತಾರೆ. ಅಣಬೆಯ ಅಮಲಿನ ಹಾಗೆ ಇಡೀ ದಿನ ತಿನ್ನುವ ಜಾತಿಯಲ್ಲ. ಅರ್ಧ ನಿಮಿಷದಲ್ಲಿ ಏರುತ್ತದೆ, ಕಾಲು ಗಂಟೆಯಲ್ಲಿ ಇಳಿಯುತ್ತದೆ. ಅಷ್ಟರೊಳಗೆ ಮುಚ್ಚಿದ ಕಣ್ಣಿನ ಹಿಂದೆ ಲೋಕವೇ ಎದ್ದು ನಿಲ್ಲುತ್ತದೆ ಎನ್ನುತ್ತಾರೆ ಕಂಡವರು. ಪ್ರಯೋಗಕ್ಕೆ ಜನ ಬೇಕೆಂದು ಲೈಬ್ರರಿಯ ಗೋಡೆಯ ಮೇಲೆ ನಾವು ಅಂಟಿಸಿದ ಚೀಟಿ ಓದಿಕೊಂಡು ಡೆಸ್ ಬಂದ.

"ಯಾಕೆ ಸೇರ್ಕೋಬೇಕು ಅಂತ?" ಎಂದು ಕೇಳಿದೆ. ಎಲ್ಲರನ್ನೂ ಕೇಳಬೇಕು.

"ರೊಂಡಾನ್ನ ನೋಡ್ಬೇಕು ಸಿಸ್ಟ್ರೇ."

"ಮನೇಲೇ ಇರ್ತಾಳಲ್ಲ ನಿಮ್ಮ ಹೆಂಡ್ತಿ?"

"ಇಲ್ದಾಗ ನೋಡ್ಬೇಕು."

ಆಮೇಲೆ ಮೇಲಿನದೆಲ್ಲ ಹೇಳಿದ. ನಾನು ಸ್ವಲ್ಪ ಒರಟಾಗಿಯೇ ಹೇಳಿದೆ: ಇದು ಹೋಟೆಲಲ್ಲ, ನೀವು ಕೇಳಿದ್ದನ್ನ ತಂದಿಡಲ್ಲ, ಏನು ಕಾಣುತ್ತೋ ಅದೇ. ಕಾಣದೇನೂ ಇರಬಹುದು. ಡೆಸ್ ತಲೆಯಾಡಿಸಿದ. ತಲೆಯಾಡಿಸುವುದರಲ್ಲಿ ಅವನು ಗಟ್ಟಿಗ.

ನಮ್ಮ ಕೆಲಸದ ರೀತಿ ಸ್ವಲ್ಪ ವಿಚಿತ್ರ, ಹೇಳಿಬಿಡುತ್ತೇನೆ. ಒಬ್ಬೊಬ್ಬರೂ ಎರಡು ಸಲ ಬರಬೇಕು. ಒಂದು ಸಲ ಔಷಧಿ, ಒಂದು ಸಲ ಬರೀ ಉಪ್ಪುನೀರು. ಯಾವಾಗ ಯಾವುದು ಎಂದು ಬಂದವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಮಂಚದ ಪಕ್ಕ ಕೂತು ಕೈ ಹಿಡಿದು, ಏನು ಕಾಣುತ್ತದೆ ಎಂದು ಕೇಳುವವಳು ನಾನು. ತಲೆಗೆ ಗುಂಡಿಗಳ ಟೋಪಿ ಹಾಕಿ, ಪಕ್ಕದ ಕೋಣೆಯಲ್ಲಿ ಮಿದುಳಿನ ಅಲೆಗಳನ್ನು ನೋಡುವವಳು ತುಯೆನ್ ಎಂಬ ಹುಡುಗಿ. ನನಗೆ ಅಲೆ ಕಾಣಿಸಬಾರದು, ಅವಳಿಗೆ ಮಾತು ಕೇಳಿಸಬಾರದು. ಇಬ್ಬರೂ ಈ ಬಗ್ಗೆ ಪರಸ್ಪರ ತುಟಿ ಬಿಚ್ಚಬಾರದು. ಕೆಲವು ವರ್ಷದಿಂದ ಹೀಗೆ ಮೂಕರಾಗಿ ಒಟ್ಟಿಗೆ ಚಹಾ ಕುಡಿಯುತ್ತಿದ್ದೇವೆ.

ಮೊದಲ ದಿನ ತುಯೆನ್ ಅವನ ಬುರುಡೆಗೆ ತಣ್ಣನೆಯ ಜೆಲ್ ಹಚ್ಚುತ್ತಿದ್ದಳು.

"ಏನವ್ವಾ, ಜಾಮ್ ಹಚ್ತಾನೇ ಇದ್ದೀಯ, ಬ್ರೆಡ್ ಎಲ್ಲಿ?" ಅಂದ ಡೆಸ್.

"ಬ್ರೆಡ್ಡಿನ ಮೇಲೇ ಹಚ್ತಿದ್ದೀನಿ. ಕೂದಲಿಲ್ಲ ನೋಡಿ, ಕೆಲಸ ಸಲೀಸು," ಅಂದಳು ಅವಳು. "ಹಲ್ಲು ಕಚ್ಚಬೇಡಿ, ನಗಬೇಡಿ. ನೀವು ನಕ್ಕರೆ ಕೆನ್ನೆಯ ಗಲಾಟೇಲಿ ಮಿದುಳಿನ ಅಲೆ ಮುಳುಗಿಹೋಗುತ್ತೆ."

"ನನ್ನ ಮಿದುಳು ಅಷ್ಟು ಮೆತ್ತಗೆ ಮಾತಾಡುತ್ತಾ? ನಮ್ಮನೇಲಿ ಯಾರೂ ನಂಬಲ್ಲ."

ಕಣ್ಣಿಗೆ ಪಟ್ಟಿ ಕಟ್ಟಿದೆವು. ಸೂಜಿಯಲ್ಲಿ ಹೋಗಬೇಕಾದದ್ದು ಹೋಯಿತು. ನಾನು ಕೈ ಹಿಡಿದು ಕೂತೆ. ಸ್ವಲ್ಪ ಹೊತ್ತಿಗೊಮ್ಮೆ, ಎಷ್ಟು ಬಲವಾಗಿದೆ, ಹತ್ತಕ್ಕೆ ಎಷ್ಟು, ಎಂದು ಕೇಳಬೇಕು.

"ಏಳು," ಅಂದ. ಆಮೇಲೆ "ಎಂಟು ಇರಬಹುದು" ಅಂದ. ನಾಡಿ ಮಾತ್ರ ಭಾನುವಾರ ಮಧ್ಯಾಹ್ನದ ನಾಡಿಯ ಹಾಗೆ ನೆಮ್ಮದಿಯಾಗಿ ನಡೆದಿತ್ತು. ಸಮಯ ಮುಗಿದು ಪಟ್ಟಿ ಬಿಚ್ಚಿದ್ದೇ ತಡ, ಏನು ಕಂಡಿರಿ ಎಂದು ನಾನು ಕೇಳಿದೆ, ಅವನು ಶುರು ಮಾಡಿದ. ಚಿನ್ನದ ಬಾಗಿಲು ತೆರೆಯಿತಂತೆ. ಒಳಗೆ ಆನೆಗಳ ಮೇಲೆ ಡಾಲ್ಫಿನ್‌ಗಳು ಸವಾರಿ ಮಾಡುತ್ತಿದ್ದವಂತೆ. ಮೋಡದ ಮೇಲೊಂದು ಮೈದಾನ, ಅಲ್ಲಿ ಸತ್ತುಹೋದ ಆಟಗಾರರೆಲ್ಲ ಆಡುತ್ತಿದ್ದರಂತೆ, ನಮ್ಮ ನಾರ್ಲೇನ್ ಕೊನೆಗೂ ಗೆದ್ದಿತಂತೆ. ಒಂದೇ ಉಸಿರಿನಲ್ಲಿ ಹೇಳಿದ. ಧ್ವನಿಮುದ್ರಣ ಮಾಡಿಕೊಂಡೆ.

ಈ ಮಂಚದ ಮೇಲೆ ಹೋಗಿ ಬಂದ ಎಷ್ಟೋ ಜನರನ್ನು ನೋಡಿದ್ದೇನೆ. ವಕೀಲರು, ಪಾದ್ರಿಗಳು, ಹರಾಜು ಕೂಗುವವರು. ನಿಜವಾಗಿ ಹೋದವರು ವಾಪಸು ಬಂದಾಗ ಮಾತು ಹುಡುಕುತ್ತಾರೆ, ತಡವರಿಸುತ್ತಾರೆ, ಸುಮ್ಮನೆ ಅಳುತ್ತಾರೆ ಇಲ್ಲವೇ ನಗುತ್ತಾರೆ. ಯಾರೂ ಮ್ಯಾಚಿನ ಸ್ಕೋರ್ ಹೇಳಿಲ್ಲ. ನನಗೆ ಅಲ್ಲಿಗೇ ಗೊತ್ತಾಯಿತು, ಈ ಮಹಾನುಭಾವನ ತೋಳಿಗೆ ಹೋದದ್ದು ಉಪ್ಪುನೀರು, ನನ್ನ ಕಿವಿಗೆ ಬಂದದ್ದು ಬುರುಡೆ.

ಚಹಾದ ಕೋಣೆಯಲ್ಲಿ ತುಯೆನ್ ಬಿಸ್ಕತ್ತನ್ನು ಸಿಕ್ಕಾಪಟ್ಟೆ ಹೊತ್ತು ಅಗಿಯುತ್ತಿದ್ದಳು. ಅವಳ ಮುಖ ನೋಡಿದರೇ ತಿಳಿಯುತ್ತಿತ್ತು, ಅವಳೂ ಇವತ್ತು ಒಂದು ಪ್ರಶಾಂತ ಮಿದುಳನ್ನು ನೋಡಿ ಬಂದಿದ್ದಾಳೆ. ನಾನೂ ನನ್ನ ಮುಖವನ್ನು ಕಪ್ಪಿನೊಳಗೆ ಇಳಿಸಿದೆ.

"ಹವಾ ಚೆನ್ನಾಗಿದೆ," ಅಂದಳು.

"ಹೌದು, ಗಾಳಿ ಕಮ್ಮಿ," ಅಂದೆ. ಅಷ್ಟರಲ್ಲೇ ಇಬ್ಬರಿಗೂ ನಗು ತಡೆಯಲಾಗದೆ ಆಕೆ ಒಂದು ಬಾಗಿಲಿನಿಂದ, ನಾನು ಇನ್ನೊಂದು ಬಾಗಿಲಿನಿಂದ ಎದ್ದು ಹೋದೆವು.

ಒಂದು ವಾರ ಕಳೆದಿರಬೇಕು. ಊಟದ ಹೊತ್ತಿಗೆ ನಾನು ಕಡಲ ಎದುರಿನ ಬೆಂಚಿನ ಮೇಲೆ ಕೂತಿದ್ದಾಗ ಡೆಸ್ ಬಂದ. ಬೂಟಿನ ತುಂಬ ಹುಲ್ಲು. ಬಂದವನು ಕೂರಲಿಲ್ಲ.

"ಸಿಸ್ಟ್ರೇ, ನಾನು ಅವತ್ತು ಹೇಳಿದ್ದೆಲ್ಲ ಬುರುಡೆ."

"ಯಾವುದು?"

"ಬಾಗಿಲು, ಆನೆ, ಮ್ಯಾಚು, ಎಲ್ಲ."

"ಮತ್ತೆ ಏನು ಕಾಣ್ತು?"

"ಏನೂ ಇಲ್ಲ. ಬಲ್ಬು ಸುಟ್ಟ ಫ್ರಿಜ್ಜಿನೊಳಗೆ ತಲೆ ಹಾಕಿದ ಹಾಗೆ. ದಿನಾ ಇರೋದೇ ಅದು."

ನನಗೆ ಕೋಪ ಬಂತು. ಬುರುಡೆ ಎಂದು ಮೊದಲೇ ಗೊತ್ತಿದ್ದರೂ ಬಂತು. "ಹಾಗಾದ್ರೆ ಸುಳ್ಳು ಯಾಕೆ ಹೇಳಿದ್ರಿ? ಇಲ್ಲಿ ಏನು ಹರಿಕಥೆ ಮಾಡ್ಸೋಕೆ ಕರ್ಕೊಂಡಿದ್ವಾ?"

"ನೀವು ಅಷ್ಟು ಆಸೆಯಿಂದ ಕೇಳಿದ್ರಿ," ಅಂದ ಡೆಸ್. "ಆ ಹುಡುಗಿ ಪಾಪ, ಅಷ್ಟು ಹೊತ್ತು ನಿಂತು ಜಾಮ್ ಹಚ್ಚಿದ್ಳು. ಏನೂ ಇಲ್ಲ ಅಂದ್ರೆ ನಿಮಗೆಲ್ಲ ಬೇಜಾರಾಗಲ್ವಾ?"

ಇದಕ್ಕೆ ಏನು ಹೇಳುತ್ತೀರಿ? ನಮ್ಮ ಕಡೆಯ ಜನವೇ ಹೀಗೆ. ಕ್ಷೌರಿಕ ಕಿವಿ ಕತ್ತರಿಸಿದರೂ ಕನ್ನಡಿ ನೋಡಿಕೊಂಡು ಚೆನ್ನಾಗಿದೆ ಅನ್ನುತ್ತಾರೆ. ತಣ್ಣಗಾದ ಊಟಕ್ಕೆ ಹೋಟೆಲಿನವಳ ಕೈಹಿಡಿದು ಥ್ಯಾಂಕ್ಸ್ ಹೇಳುತ್ತಾರೆ. ಆದರೆ ಮಿದುಳಿನ ಪ್ರಯೋಗಕ್ಕೆ ಬಂದು ನರ್ಸಿಗೆ ಬೇಜಾರಾಗಬಾರದೆಂದು ಆನೆ ಕಂಡವನು ಇವನೊಬ್ಬನೇ.

"ಉಪ್ಪುನೀರೂ ಇರಬಹುದು ಅಂತ ಮೊದಲೇ ಹೇಳಿದ್ದೆನಲ್ಲ," ಅಂದೆ.

"ಉಪ್ಪುನೀರಲ್ಲ ಅದು. ತೋಳು ತಣ್ಣಗಾಯ್ತು, ಎದೆ ಡವಡವ ಅಂತು. ಔಷಧೀನೇ. ನನ್ನ ತಲೆಗೆ ಹತ್ತಲಿಲ್ಲ." ಈಗ ಕೂತ. ಕಡಲು ನೋಡುತ್ತ ಹೇಳಿದ. "ಎಲ್ಲರಿಗೂ ಕಾಣಿಸೋ ಅಂಥಾದ್ದೇ ನಂಗೆ ಕಾಣಿಸ್ಲಿಲ್ಲ ಅಂದ್ರೆ ಮುಗೀತು. ನನ್ನ ತಲೇಲಿ ಆ ಕೋಣೇನೇ ಕಟ್ಟಿಲ್ಲ. ಅದಕ್ಕೇ ಹೇಳೋಕೆ ಬಂದೆ, ಇನ್ನೊಂದು ಸಲಕ್ಕೆ ಬರಲ್ಲ. ನನ್ನ ಜಾಗ ಬೇರೆಯವರಿಗೆ ಕೊಡಿ."

ಆಗ ನನ್ನ ಸ್ಥಿತಿ ಕೇಳಬೇಡಿ. ಆ ಮನುಷ್ಯ ಉಪ್ಪುನೀರು ಹಾಕಿಸಿಕೊಂಡು ತನ್ನ ತಲೆಯನ್ನೇ ಶಪಿಸುತ್ತ ಕೂತಿದ್ದಾನೆ. ಒಂದು ಮಾತು ಹೇಳಿದ್ದರೆ ಎದ್ದು ಕುಣಿಯುತ್ತಿದ್ದ. ಆ ಒಂದು ಮಾತನ್ನೇ ನಾನು ಹೇಳುವಂತಿಲ್ಲ. ಹೇಳಿದರೆ ಅವನ ಎರಡೂ ದಿನದ ಲೆಕ್ಕ ಕಸದ ಬುಟ್ಟಿಗೆ, ಜೊತೆಗೆ ನಾನೂ. ಸ್ಯಾಂಡ್‌ವಿಚ್ ತೊಡೆಯ ಮೇಲಿಟ್ಟೆ. ಸಿಟ್ಟೆಲ್ಲ ಇಳಿದು, ಪಾಪದ ಮನುಷ್ಯ ಎನಿಸಿತು.

"ಡೆಸ್," ಅಂದೆ, "ಅರ್ಧ ಆಟಕ್ಕೆ ಮೈಕ್ ಆರಿಸಿ ಮನೆಗೆ ಹೋಗಿದ್ದೀರಾ ಯಾವತ್ತಾದ್ರೂ?"

"ಇಲ್ಲ."

"ನಿಮ್ಮ ನಾರ್ಲೇನು ಹಿಂಡಿ ಹಿಪ್ಪೆಯಾಗಿದ್ದಾಗ್ಲೂ?"

"ಅವಾಗ ಕೇಳೋರು ಜಾಸ್ತಿ."

"ಹಾಗಾದ್ರೆ ಇದನ್ನೂ ಪೂರ್ತಿ ಮಾಡಿ ಹೋಗಿ. ಇನ್ನು ನನ್ನನ್ನ ಏನೂ ಕೇಳಬೇಡಿ, ನಾನು ಹೇಳಲ್ಲ."

ಅವನು ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ನಾನು ಸ್ಯಾಂಡ್‌ವಿಚ್ ನೋಡಿದೆ.

ಅಲ್ಲಿಗೆ ಮುಗಿಯಲಿಲ್ಲ. ಸುಳ್ಳು ವರದಿ ಕೊಟ್ಟವರನ್ನು ಕೈಬಿಡಬೇಕೆಂಬುದು ನಮ್ಮಲ್ಲಿ ನಿಯಮ. ಪ್ರಯೋಗದ ಮುಖ್ಯಸ್ಥೆ ಡಾಕ್ಟರ್ ಯಾದ್ರಾಂಕಾ ಎತ್ತರದ ಹೆಂಗಸು. ಮಾತು ಕಡಿಮೆ. ಡೆಸ್‌ನನ್ನು ಅವಳ ಎದುರು ನಿಲ್ಲಿಸಿ ನಡೆದದ್ದನ್ನು ಹೇಳಿದೆ. ಅವನು ಟೋಪಿ ಹಿಂಡುತ್ತ ನಿಂತಿದ್ದ.

"ಆನೆಗಳ ಮೇಲೆ ಡಾಲ್ಫಿನ್?" ಅಂದಳು ಡಾಕ್ಟರು.

"ತಪ್ಪಾಯ್ತು ಡಾಕ್ಟ್ರೇ."

"ಕಾಲು ಹೇಗೆ ಇಟ್ಕೊಂಡಿದ್ವು?"

ಅವನು ಟೋಪಿಯನ್ನು ಇನ್ನೊಂದು ಸುತ್ತು ಹಿಂಡಿದ. ಡಾಕ್ಟರು ಮಂದಹಾಸ ಬೀರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಿಯಮ ಇರುವುದು ಸುಳ್ಳು ಹೇಳಿ ಸುಮ್ಮನಿದ್ದವರಿಗೆ, ಇವನು ತಾನಾಗಿ ಬಂದು ಹೇಳಿದ್ದಾನೆ, ನಿಜವಾದ ವರದಿಯನ್ನು ಹೊಸದಾಗಿ ಧ್ವನಿಮುದ್ರಣ ಮಾಡಿಕೊಳ್ಳಿ ಎಂದಳು. ಆಮೇಲೆ ಬೆರಳೆತ್ತಿ, "ಮುಂದಿನ ಸಲ ಏನೂ ಕಾಣದಿದ್ರೆ ಏನೂ ಕಾಣ್ಲಿಲ್ಲ ಅನ್ಬೇಕು. ನಮಗೆ ಬೇಜಾರಾದ್ರೂ ಪರವಾಗಿಲ್ಲ. ಆಗುತ್ತಾ?" ಅಂದಳು.

"ಕಷ್ಟ," ಅಂದ ಡೆಸ್. "ಆಗ್ಲಿ, ಪ್ರಯತ್ನ ಪಡ್ತೀನಿ."

ಎರಡನೆಯ ಸಲ ಅವನನ್ನು ಕರೆತಂದವಳು ರೊಂಡಾ. ಮನೆಗೆ ಕರೆದುಕೊಂಡು ಹೋಗಲು ಯಾರಾದರೂ ಬರಲೇಬೇಕು, ಇಲ್ಲದಿದ್ದರೆ ನಾವು ಸೂಜಿಯನ್ನೇ ಮುಟ್ಟುವುದಿಲ್ಲ. ಮೊದಲ ಸಲ ರೇಡಿಯೋದ ಜೊತೆಗಾರ ಬಂದಿದ್ದ. ಈ ವಾರ ಬಣ್ಣ ಹೊಡೆಯಲು ಹಡಗನ್ನು ದುರಸ್ತಿ ಕಟ್ಟೆಗೆ ಏರಿಸಿದ್ದರಿಂದ ರೊಂಡಾ ರಜೆಯಲ್ಲಿದ್ದಳು, ತಾನೇ ಬರುತ್ತೇನೆಂದು ಬಿಡಲಿಲ್ಲ. ಅಗಲ ಭುಜದ, ಅಗಲ ನಗೆಯ ಹೆಂಗಸು. ಡಬ್ಬಿ ತುಂಬ ನಿಂಬೆಯ ಸಿಹಿ ತಂದಿದ್ದಳು, ಎಲ್ಲರಿಗೂ ಹಂಚಿದಳು.

"ಒಳಗೆ ಏನು ಮಾಡ್ತೀರಿ ನನ್ನ ಗಂಡಂಗೆ?" ಎಂದು ಹೊರಗಿನ ಕುರ್ಚಿಯಲ್ಲಿ ಕೂತು ಕೇಳಿದಳು.

"ಕಾಲು ಗಂಟೆ ಮಲಗಿಸ್ತೀವಿ."

"ಅದಕ್ಕೆ ಇಷ್ಟು ಜನ ಡಾಕ್ಟ್ರು ಬೇಕಾ? ಮನೇಲಿ ನಾನು ಪಾತ್ರೆ ತೊಳಿ ಅಂದ್ರೆ ಸಾಕು, ಮಲಗಿಬಿಡ್ತಾನೆ."

ತಾನು ಯಾಕೆ ಬಂದಿದ್ದೇನೆಂದು ಡೆಸ್ ಅವಳಿಗೆ ಹೇಳಿಲ್ಲ ಎಂದು ನನಗೆ ತಿಳಿಯಿತು. ಮಂಚದ ಮೇಲೆ ಡೆಸ್ ಸುಮ್ಮನೆ ಮಲಗಿದ್ದ. ಜಾಮಿನ ತಮಾಷೆಯೂ ಇರಲಿಲ್ಲ.

ಸೂಜಿಯಲ್ಲಿ ಹೋಗಬೇಕಾದದ್ದು ಹೋಯಿತು. ನಾನು ಅವನ ಕೈ ಹಿಡಿದಿದ್ದೆ, ಆ ಕೈ ಒಮ್ಮೆ ನನ್ನ ಕೈಯನ್ನು ಬಿಗಿಯಾಗಿ ಹಿಡಿದು, ಆಮೇಲೆ ಪೂರ್ತಿ ಸಡಿಲವಾಯಿತು. ನಾಡಿ ಓಡತೊಡಗಿತು. ಬಾಯಿ ಅರ್ಧ ತೆರೆಯಿತು. ಎಷ್ಟು ಬಲವಾಗಿದೆ, ಹತ್ತಕ್ಕೆ ಎಷ್ಟು, ಎಂದು ಕೇಳಿದೆ. ಇನ್ನೊಮ್ಮೆ ಕೇಳಿದೆ. ಡೆಸ್ ಪಾರ್ಫಿಟ್‌ಗೆ ಒಂದು ಸಂಖ್ಯೆ ಕೂಡ ಹೇಳಲಾಗಲಿಲ್ಲ. ಬಲಗೈ ಮಾತ್ರ ನಿಧಾನವಾಗಿ ಮೇಲೆದ್ದು, ಐದೂ ಬೆರಳು ಅಗಲಿಸಿ, ಗಾಳಿಯಲ್ಲಿ ಏನನ್ನೋ ಸವರುತ್ತ ನಿಂತಿತು.

ಪಕ್ಕದ ಕೋಣೆಯಲ್ಲಿ ಆಗ ಏನಾಗುತ್ತಿತ್ತು ಎಂಬುದನ್ನು ನಾನು ನೋಡಿದ್ದು ತಿಂಗಳುಗಳ ಮೇಲೆ, ಪ್ರಯೋಗವೆಲ್ಲ ಮುಗಿದು ತುಯೆನ್ ಹಾಳೆಗಳನ್ನು ನನ್ನ ಮುಂದೆ ಹರಡಿದಾಗ. ಕಣ್ಣು ಮುಚ್ಚಿ ನೆಮ್ಮದಿಯಾಗಿರುವ ಮನುಷ್ಯನ ತಲೆಯ ಹಿಂಭಾಗದಲ್ಲಿ ಒಂದು ಹದವಾದ ಅಲೆ ಏಳುತ್ತಿರುತ್ತದೆ, ಸೆಕೆಂಡಿಗೆ ಹತ್ತರ ಹಾಗೆ, ಒಂದರಂತೆ ಇನ್ನೊಂದು. ಕಣ್ಣು ಬಿಟ್ಟು ಏನನ್ನಾದರೂ ನೋಡಿದರೆ ಅದು ತಗ್ಗುತ್ತದೆ. ಮೊದಲ ದಿನ, ಆನೆ ಡಾಲ್ಫಿನ್‌ಗಳನ್ನು ಹೊತ್ತು ನಡೆಯುತ್ತಿದ್ದಷ್ಟು ಹೊತ್ತೂ, ಡೆಸ್‌ನ ಆ ಅಲೆ ಚೂರೂ ಕದಲಿರಲಿಲ್ಲ. ಎರಡನೆಯ ದಿನ ಔಷಧಿ ಹೋದ ಸ್ವಲ್ಪ ಹೊತ್ತಿಗೇ ಅದು ಕುಸಿದು ಮಲಗಿತ್ತು. ಕಣ್ಣು ಪಟ್ಟಿಯ ಕೆಳಗೆ ಮುಚ್ಚಿಯೇ ಇದೆ, ಆದರೆ ಮಿದುಳಿನ ಹಿಂಭಾಗ ಕಣ್ಣು ಬಿಟ್ಟು ನೋಡುವವರ ಹಾಗೆ ಎಚ್ಚೆತ್ತಿದೆ. ಆ ಹದವಾದ ಅಲೆಯ ಜಾಗದಲ್ಲಿ ದೊಡ್ಡ ನಿಧಾನದ ಅಲೆಗಳು, ಅವುಗಳ ಮೇಲೆ ಲೆಕ್ಕಕ್ಕೆ ಸಿಗದ ಗೀಚು. ಮುಂದಿನ ಗೆರೆ ಎತ್ತ ತಿರುಗುತ್ತದೆ ಎಂದು ಯಾರೂ ಹೇಳಲಾರರು. ಮೇಷ್ಟ್ರು ಹೊರಗೆ ಹೋದ ತರಗತಿಯ ಹಾಗೆ, ದಿನವೂ ತಮ್ಮ ತಮ್ಮ ಬೆಂಚಿನಲ್ಲಿ ತಮ್ಮವರ ಜೊತೆಗೇ ಮಾತಾಡುವ ಮಿದುಳಿನ ಭಾಗಗಳು ಎದ್ದು ಓಡಾಡಿ ಎಲ್ಲರನ್ನೂ ಮಾತಾಡಿಸುತ್ತವೆ ಎಂದು ಡಾಕ್ಟರು ಹೇಳುತ್ತಾಳೆ. ಕಾಲು ಗಂಟೆಗೆ ಮೇಷ್ಟ್ರು ವಾಪಸು. ಹಾಳೆಯ ಕೊನೆಯಲ್ಲಿ ಆ ಹದವಾದ ಅಲೆ ಮೆಲ್ಲಗೆ ಮರಳಿ ಬಂದು ಎಂದಿನಂತೆ ಕೂತಿತ್ತು.

ಆದರೆ ಹಾಳೆಯ ನಡುವೆ ಒಂದು ಕಡೆ ಎಲ್ಲ ಗೆರೆಗಳೂ ಕಪ್ಪು ಮಸಿಯಾಗಿವೆ. ಅದು ಮಿದುಳಲ್ಲ, ನಗು. ಡೆಸ್ ನಗತೊಡಗಿದ್ದ. ಸದ್ದಿಲ್ಲದ, ಹೊಟ್ಟೆಯಿಂದ ಬರುವ, ಮಕ್ಕಳಿಗೆ ಬರುವಂಥ ನಗು. ಪಟ್ಟಿಯ ಕೆಳಗಿನಿಂದ ಕಣ್ಣೀರು ಕಿವಿಯವರೆಗೆ ಹರಿಯುತ್ತಿತ್ತು. ನಗಬೇಡಿ ಎಂದು ಹೇಳಬೇಕಾದದ್ದು ನನ್ನ ಕೆಲಸ. ನಾನು ಹೇಳಲಿಲ್ಲ.

ಪಟ್ಟಿ ಬಿಚ್ಚಿದೆ. ಏನು ಕಂಡಿರಿ ಎಂದು ಕೇಳಿದೆ.

"ಸಿಸ್ಟ್ರೇ," ಅಂದ. ಮತ್ತೆ, "ಹಳದಿ," ಅಂದ. ಬಹಳ ಹೊತ್ತು ಬಿಟ್ಟು, "ಬಿಲ್ಲೆಗಳು. ಸಣ್ಣ ಸಣ್ಣದು. ತಿರುಗ್ತಾ... ಇಲ್ಲ, ತಿರುಗೋದಲ್ಲ. ಬಿಚ್ಕೋತಾ ಇದ್ವು. ಒಂದರೊಳಗಿಂದ ಒಂದು. ಇಲ್ಲಿತ್ತು." ಮೂಗಿನ ಮುಂದಿನ ಗಾಳಿಯನ್ನು ಬೆರಳಿನಿಂದ ಮುಟ್ಟಿ ತೋರಿಸಿದ. "ಕಣ್ಣು ಮುಚ್ಚಿತ್ತು, ಆದ್ರೂ ಇಲ್ಲಿತ್ತು. ಅಷ್ಟೇ ಸಿಸ್ಟ್ರೇ. ನನ್ನ ಹತ್ರ ಮಾತಿಲ್ಲ."

ಮತ್ತೆ ಕಣ್ಣು ಮುಚ್ಚಿದ. ಹಳದಿಯ ಚೂರು ಇನ್ನೂ ಇದೆ ಅಂದ. ಕಮ್ಮಿಯಾಯ್ತು ಅಂದ. ಹೋಯ್ತು ಅಂದ. ಅಯ್ಯೋ ಎಂದು ಕೊರಗಬಹುದೆಂದು ನಾನು ಹೆದರಿದ್ದೆ. ಅವನು ನಗುತ್ತಲೇ ಇದ್ದ.

"ನಿಮಗೆಲ್ಲ ಇದು ದಿನಾ ಕಾಣುತ್ತಾ? ಪುಕ್ಕಟೆ? ಆದ್ರೂ ಬಸ್ಸು ಲೇಟು ಅಂತ ಗೊಣಗ್ತೀರಾ?"

"ಇಷ್ಟೆಲ್ಲ ಇಲ್ಲ ಮಾರಾಯ್ರೆ," ಅಂದೆ. "ನನಗೆ ಕಾಣೋದು ಒದ್ದೆ ಬಟ್ಟೆ ಮೇಲಿನ ಚಹಾದ ಕಲೆಯಷ್ಟು. ನೀವಿವತ್ತು ನೋಡಿದ್ದು ನಾನು ಜನ್ಮದಲ್ಲೇ ನೋಡಿಲ್ಲ."

ಇದನ್ನು ಕೇಳಿ ಅವನಿಗೆ ಆದ ಖುಷಿ ಅಷ್ಟಿಷ್ಟಲ್ಲ. ಹೇಳಬೇಕಾದದ್ದನ್ನೆಲ್ಲ ನಿಧಾನವಾಗಿ, ತಡವರಿಸುತ್ತ, ಒಂದು ಆನೆಯನ್ನೂ ಸೇರಿಸದೆ ಹೇಳಿ ಮುಗಿಸಿದ. ಡಾಕ್ಟರು ಬಂದು ರಕ್ತದೊತ್ತಡ ನೋಡಿ ಮನೆಗೆ ಹೋಗಬಹುದು ಅಂದಳು. ನಾನು ರೊಂಡಾಳನ್ನು ಒಳಗೆ ಕರೆದೆ.

ಅವಳು ಬಂದವಳೇ ಕರವಸ್ತ್ರ ತೆಗೆದು ಅವನ ತಲೆಯ ಜೆಲ್ ಒರೆಸತೊಡಗಿದಳು. "ಏನಂತೆ? ಏನಾದ್ರೂ ಕಾಣ್ತಾ?"

"ಕಾಣ್ತು ಕಣೇ. ಕಣ್ಣು ಮುಚ್ಕೊಂಡೇ ಕಾಣ್ತು."

"ನಾನಿದ್ನಾ ಅಲ್ಲಿ?"

ಅವಳು ತಮಾಷೆಗೇ ಕೇಳಿದ್ದು. ಹೌದು ಎನ್ನುವುದು ಎಷ್ಟು ಸುಲಭ. ಅವನ ನಾಲಿಗೆಯ ತುದಿಯಲ್ಲಿ ಆ ಮಾತು ಸಿದ್ಧವಾಗಿ ಕೂತಿದ್ದದ್ದು ನನಗೇ ಕಾಣುತ್ತಿತ್ತು. ನೀನು ನೀಲಿ ಬಣ್ಣದ ಉಡುಪಿನಲ್ಲಿದ್ದೆ, ಕೈ ಬೀಸಿದೆ ಎಂದು ಹೇಳಿಬಿಟ್ಟರೆ ಅವಳೂ ಖುಷಿ, ಅವನೂ ಪಾರು. ನಾನು ನೆಲ ನೋಡಿದೆ.

"ಇರ್ಲಿಲ್ಲ ರೊನ್," ಅಂದ ಡೆಸ್.

ಅವಳ ಕೈ ನಿಂತಿತು.

"ಹಳದಿ ಬಿಲ್ಲೆಗಳಿದ್ವು. ನೀನಿರ್ಲಿಲ್ಲ. ನೀನು ಹಡಗು ಹತ್ತಿದ ಮೇಲೆ ನಂಗೆ ಒಂದು ಸಲಾನೂ ಕಂಡಿಲ್ಲ. ಫೋನಲ್ಲಿ ಹೇಳ್ತಿದ್ದದ್ದೆಲ್ಲ ಸುಳ್ಳು. ನನ್ನ ತಲೇಲಿ ಚಿತ್ರ ಬರಲ್ಲ, ಯಾರದ್ದೂ ಬರಲ್ಲ. ನೀನು ಆ ಕಡೆ ಹೋದ್ರೆ ನಿನ್ನ ಮುಖ ಹೋಗಿಬಿಡುತ್ತೆ. ಒಂದು ಸಲ ನೋಡೋಕಾಗುತ್ತಾ ಅಂತ್ಲೇ ಇಲ್ಲಿಗೆ ಬಂದಿದ್ದು. ಆಗ್ಲಿಲ್ಲ."

ರೊಂಡಾ ಗಂಡನನ್ನೇ ನೋಡುತ್ತಿದ್ದಳು. ಅವಳ ಹುಬ್ಬು ಗಂಟಿಕ್ಕಿತ್ತು.

"ಅದಕ್ಕೇನಾ," ಅಂದಳು ಕೊನೆಗೆ, "ಹಡಗು ಬಂದಾಗೆಲ್ಲ ಬೆಳಗಿನ ಜಾವ ಬಂದರಿನ ಬೇಲಿ ಹತ್ರ ಬಂದು ನಿಂತಿರ್ತೀಯಲ್ಲ? ಮಳೆ ಬರ್ಲಿ, ಚಳಿ ಇರ್ಲಿ? ನಂಗೆ ಬಸ್ಸಿದೆ, ಬರಬೇಡ ಅಂತ ಬೈದ್ರೂ?"

"ಹ್ಞೂಂ. ಅಷ್ಟೊತ್ತಿಗೆ ತಡ್ಕೊಳ್ಳೋಕಾಗಲ್ಲ. ನೋಡ್ಬೇಕು ಅನ್ಸುತ್ತೆ."

ರೊಂಡಾ ಮಂಚದ ಮೇಲೆ ಧೊಪ್ಪನೆ ಕೂತಳು. ನಗು ಶುರುವಾಗಿತ್ತು. ನಗುತ್ತ ನಗುತ್ತ ಅದೇ ಜೆಲ್ ಮೆತ್ತಿದ ಕರವಸ್ತ್ರದಿಂದ ಕಣ್ಣು ಒರೆಸಿಕೊಂಡಳು. "ಇಷ್ಟು ವರ್ಷ ನಾನು ಏನಂದ್ಕೊಂಡಿದ್ದೆ ಗೊತ್ತಾ ಸಿಸ್ಟ್ರೇ? ಹಡಗಿನ ಗಂಡಸರ ಮೇಲೆ ಅನುಮಾನ, ನನ್ನ ಕಾವಲು ಕಾಯೋಕೆ ಬರ್ತಾನೆ ಅಂದ್ಕೊಂಡಿದ್ದೆ. ಎಷ್ಟು ಸಲ ಬೇಕಂತ್ಲೇ ಕೊನೇಲಿ ಇಳಿದಿದ್ದೀನಿ, ನಿಲ್ಲಲಿ ಚಳೀಲಿ ಅಂತ."

ಡೆಸ್ ಮತ್ತೆ ಕಣ್ಣು ಮುಚ್ಚಿದ್ದ. ಇನ್ನೂ ಒಂದು ಪ್ರಯತ್ನ ಮಾಡುತ್ತಿದ್ದ ಅನಿಸುತ್ತದೆ, ಔಷಧಿಯ ಕೊನೆಯ ಹನಿಯಾದರೂ ಉಳಿದಿದ್ದರೆ ಇರಲಿ ಎಂದು. ರೊಂಡಾ ಅವನ ಗಲ್ಲ ಹಿಡಿದು ಅಲುಗಿಸಿದಳು.

"ಕಣ್ಣು ಬಿಡೋ ದಡ್ಡ. ಇಲ್ಲೇ ಇದ್ದೀನಿ."

ಅವನು ಕಣ್ಣು ಬಿಟ್ಟು ಅವಳನ್ನು ನೋಡಿದ. ಇಷ್ಟು ವರ್ಷ ಬಂದರಿನ ಬೇಲಿಯಾಚೆಯಿಂದ ನೋಡಿದ ಹಾಗೇ ನೋಡಿದ. ನಾನು ಬಾಗಿಲು ಎಳೆದುಕೊಂಡು ಹೊರಗೆ ಬಂದೆ.